ಐದನೇ ಪ್ಲಾಟ್‌ಫಾರ್ಮಿನ ನಾಯಿ ಜಿಮ್: ಬ್ರಿಟನ್ನಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ನಮಸ್ಕಾರಗಳು.

ನಿಮ್ಮಲ್ಲಿ ಕೆಲವರಾದರೂ ಬೆಳಿಗ್ಗೆ ಏಳೂವರೆಗೆ ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಊರಿನ ನಿಲ್ದಾಣದಲ್ಲಿ ನನ್ನ ಆಸುಪಾಸಿನಲ್ಲೇ ನಿಂತಿರುತ್ತೀರಿ. ಮಾತು ಕಿವಿಗೆ ಬೀಳುತ್ತದೆ. ಮಗುವಿನ ಜ್ವರ, ಮನೆ ಸಾಲದ ಬಡ್ಡಿ, ಊರಿನಲ್ಲಿರುವ ಅಮ್ಮನ ಮೊಣಕಾಲು ನೋವು. ಅಷ್ಟರಲ್ಲಿ ಲಂಡನ್ ರೈಲು ಬರುತ್ತದೆ, ಎಲ್ಲರೂ ಹತ್ತಿ ಹೊರಡುತ್ತೇವೆ. ಅದೇ ನಿಲ್ದಾಣದ ಐದನೇ ಪ್ಲಾಟ್‌ಫಾರ್ಮಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಒಂದು ನಾಯಿ ನಿಂತಿದೆ. ಜಿಮ್ ಎಂದು ಅದರ ಹೆಸರು. ಅದು ಸತ್ತದ್ದು 1896ರ ನವೆಂಬರ್ 19ರ ಸಂಜೆ. ಮೈಗೆ ಕಟ್ಟಿದ ಕಾಣಿಕೆ ಡಬ್ಬಿಯ ಸಮೇತ, ಕೆಲಸದ ಮೇಲಿರುವಾಗಲೇ ಸತ್ತಿತು. ಊರಿನ ಜನ ಮತ್ತು ನಿಲ್ದಾಣದ ಸಿಬ್ಬಂದಿ ತಾವೇ ಚಂದಾ ಎತ್ತಿ ಅದರ ದೇಹ ಕೆಡದಂತೆ ಮಾಡಿಸಿ ಇಲ್ಲಿಟ್ಟರು. ನೂರಿಪ್ಪತ್ತು ವರ್ಷಗಳ ಮೇಲಾಯಿತು, ಅದು ಇನ್ನೂ ನಿಂತೇ ಇದೆ.

ಈ ಪತ್ರ ಬರೆಯಲು ಕಾರಣ ಆ ನಾಯಿ. ಅದಕ್ಕಿಂತ ಹೆಚ್ಚಾಗಿ ನನ್ನ ಅಪ್ಪ.

ಅಪ್ಪ ಬೀರೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್, ಅಂದರೆ ರೈಲುಗಳಿಗೆ ಹಳಿ ಬದಲಿಸಿಕೊಡುವ ಕೆಲಸಗಾರ, ಆಗಿದ್ದವರು. ನಿವೃತ್ತಿಯಾದ ಎಷ್ಟೋ ವರ್ಷಗಳ ನಂತರ, 2009ರ ಬೇಸಿಗೆಯಲ್ಲಿ, ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಲಂಡನ್ ಸೇತುವೆ, ಅರಮನೆ, ದೊಡ್ಡ ಗಡಿಯಾರ ಎಲ್ಲವನ್ನೂ ತೋರಿಸಿದೆವು. ಅವರು ಸೌಜನ್ಯಕ್ಕೆ ಚೆನ್ನಾಗಿದೆ ಎಂದರು. ಆದರೆ ಸ್ಲೌ ನಿಲ್ದಾಣಕ್ಕೆ ಕರೆದುಕೊಂಡು ಹೋದ ದಿನ ಅವರ ನಡಿಗೆಯೇ ಬದಲಾಯಿತು. ಹಳಿ ನೋಡಿದರು, ಸಿಗ್ನಲ್ ನೋಡಿದರು, ಕೆಂಪು ಇಟ್ಟಿಗೆಯ ಹಳೆಯ ಕಟ್ಟಡದ ಮುಂದೆ ಕತ್ತೆತ್ತಿ ನಿಂತರು. ಕೊನೆಗೆ ಜಿಮ್‌ನ ಗಾಜಿನ ಪೆಟ್ಟಿಗೆಯ ಮುಂದೆ ಬಂದು, ‘ಇದರಲ್ಲಿ ಏನು ಬರೆದಿದೆ, ಓದಮ್ಮ’ ಎಂದರು.

ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಸುಮಾರು ನಾಲ್ಕು ತಿಂಗಳ ಮರಿಯಾಗಿದ್ದಾಗಲೇ ಇದು ಹಣ ಸಂಗ್ರಹಿಸುವ ಕೆಲಸಕ್ಕೆ ಸೇರಿತು. ಯಾರಾದರೂ ನಾಣ್ಯ ಹಾಕಿದರೆ ಒಮ್ಮೆ ಬೊಗಳುವುದನ್ನು ಕಲಿಸಿದ್ದರು. ಉರಿಯುವ ಬೆಂಕಿಕಡ್ಡಿಯನ್ನು ಯಾರಾದರೂ ನೆಲಕ್ಕೆ ಎಸೆದರೆ ಗುರುಗುಟ್ಟಿಕೊಂಡು ಆರಿಸುತ್ತಿತ್ತು. ಎರಡು ವರ್ಷಗಳಲ್ಲಿ ಸುಮಾರು 40 ಪೌಂಡ್ ಕೂಡಿಸಿತು. ಚಿನ್ನದ ನಾಣ್ಯ ಬಿದ್ದದ್ದು ಒಂದೇ ಸಲ. ಒಂದು ಭಾನುವಾರ ಪಕ್ಕದ ಸೌತಾಲ್‌ನಲ್ಲಿ ಆಸ್ಪತ್ರೆಗಾಗಿ ಮೆರವಣಿಗೆ ನಡೆದಾಗ ಡಬ್ಬಿಯಲ್ಲಿ 265 ನಾಣ್ಯಗಳು ಸಿಕ್ಕಿದವು, ಬೆಳ್ಳಿಯವು ಅದರಲ್ಲಿ ಐದೋ ಏನೋ. ಉಳಿದವೆಲ್ಲ ಬಡವರ ಪೆನ್ನಿಗಳು.

ಅಪ್ಪ ನಗಲಿಲ್ಲ. ‘ಈ ದುಡ್ಡು ಯಾರಿಗೆ ಹೋಗುತ್ತಿತ್ತು?’ ಎಂದು ಕೇಳಿದರು.

ಈ ಮಾರ್ಗದ ಆಗಿನ ಕಂಪನಿಯಾದ ಗ್ರೇಟ್ ವೆಸ್ಟರ್ನ್ ರೈಲ್ವೆಯ ವಿಧವೆಯರ ಮತ್ತು ಅನಾಥ ಮಕ್ಕಳ ನಿಧಿಗೆ ಎಂದೆ.

ಅವರು ಅಲ್ಲಿದ್ದ ಬೆಂಚಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, ನಮ್ಮ ಮನೆಯಲ್ಲಿ ಅದುವರೆಗೆ ಯಾರ ಮುಂದೆಯೂ ಆಡದಿದ್ದ ಮಾತೊಂದನ್ನು ಆಡಿದರು. ಬೀರೂರಿನ ಯಾರ್ಡಿನಲ್ಲಿ ಒಂದು ರಾತ್ರಿ ವ್ಯಾಗನ್‌ಗಳನ್ನು ಜೋಡಿಸುವಾಗ ಅವರ ಜೊತೆಗಾರನೊಬ್ಬ ಎರಡು ಬಫರ್‌ಗಳ, ಅಂದರೆ ವ್ಯಾಗನ್ ತುದಿಯ ಡಿಕ್ಕಿ ತಡೆಗಳ, ನಡುವೆ ಸಿಕ್ಕಿಕೊಂಡು ಸತ್ತನಂತೆ. ಲಾಟೀನು ಹಿಡಿದಿದ್ದವರು ಅಪ್ಪ. ಹದಿನೈದು ದಿನಗಳ ಮೇಲೆ ಸಂಬಳದ ದಿನ ಟವೆಲನ್ನೇ ಜೋಳಿಗೆ ಮಾಡಿಕೊಂಡು ಕ್ವಾರ್ಟರ್ಸ್‌ನ ಮನೆ ಮನೆಗೂ ಹೋಗಿ ಅವನ ಹೆಂಡತಿಗೆಂದು ಚಂದಾ ಎತ್ತಿದರಂತೆ. ‘ನಮ್ಮ ಹತ್ತಿರ ಇಂಥ ನಾಯಿ ಇರಲಿಲ್ಲ’ ಎಂದರು. ಅವರ ಕಣ್ಣು ಗಾಜಿನ ಪೆಟ್ಟಿಗೆಯ ಮೇಲೇ ಇತ್ತು.

ಆ ಜೊತೆಗಾರನ ಹೆಸರನ್ನು ಅಪ್ಪ ಹೇಳಿದ್ದರು. ನಾನು ಬರೆದುಕೊಳ್ಳಲಿಲ್ಲ. ಅಪ್ಪ ಈಗ ಇಲ್ಲ. ಆ ಹೆಸರು ಬಲ್ಲವರು ಇನ್ನು ಯಾರಿದ್ದಾರೋ ಎಷ್ಟು ವಿಚಾರಿಸಿದರೂ ತಿಳಿಯಲಿಲ್ಲ.

ಇಲ್ಲಿನ ರೈಲು ನಿಲ್ದಾಣಗಳ ನೆನಪುಗಳ ಬೆನ್ನು ಹತ್ತಿದ್ದು ಆಮೇಲೆ. ನಾನು ಇತಿಹಾಸಕಾರಳಲ್ಲ, ಲೆಕ್ಕಪತ್ರದ ಕೆಲಸ ಮಾಡುವವಳು. ಆದರೆ ಹದಿನೈದು ವರ್ಷಗಳಿಂದ ರಜಾದಿನಗಳಲ್ಲಿ ನೋಡಿದ್ದು, ಓದಿದ್ದು, ಕೇಳಿದ್ದು ಒಂದು ವಿಷಯವನ್ನು ಗಟ್ಟಿಯಾಗಿ ಕಲಿಸಿದೆ. ಈ ದೇಶದಲ್ಲಿ ಹಳೆಯ ನಿಲ್ದಾಣಗಳ ಕಥೆ ಉಳಿದಿರುವುದಕ್ಕೆ ಕಾರಣ ಸರ್ಕಾರವೂ ಅಲ್ಲ, ಕಂಪನಿಗಳೂ ಅಲ್ಲ. ಉಳಿಸಿದವರು ಊರಿನವರು.

ನಮ್ಮ ಸ್ಲೌ ನಿಲ್ದಾಣವನ್ನೇ ತೆಗೆದುಕೊಳ್ಳಿ. 1838ರ ಜೂನ್‌ನಲ್ಲಿ ಪ್ಯಾಡಿಂಗ್ಟನ್‌ನಿಂದ ಮೇಡನ್‌ಹೆಡ್ ಕಡೆಗೆ ರೈಲು ಓಡತೊಡಗಿದಾಗ ಸ್ಲೌನಲ್ಲಿ ನಿಲ್ದಾಣವೇ ಇರಲಿಲ್ಲ. ರೈಲು ಬಂದರೆ ಹುಡುಗರ ಶಿಸ್ತು ಕೆಡುತ್ತದೆಂದು ಈಟನ್ ಶಾಲೆಯವರು ಹಟ ಹಿಡಿದು, ಹತ್ತಿರದಲ್ಲಿ ನಿಲ್ದಾಣ ಕಟ್ಟಬಾರದೆಂಬ ಷರತ್ತನ್ನು ಕಾಯಿದೆಯಲ್ಲೇ ಸೇರಿಸಿದ್ದರು. ಕಟ್ಟಬಾರದು ಎಂದಿತ್ತೇ ಹೊರತು ನಿಲ್ಲಿಸಬಾರದು ಎಂದಿರಲಿಲ್ಲ. ಕಂಪನಿಯವರು ರೈಲನ್ನು ಬಯಲಿನಲ್ಲೇ ನಿಲ್ಲಿಸಿದರು, ಪಕ್ಕದ ಪಬ್ಬಿನ ಕೋಣೆಯಲ್ಲಿ ಟಿಕೆಟ್ ಮಾರಿದರು. ಈಟನ್‌ನವರು ನ್ಯಾಯಾಲಯಕ್ಕೆ ಹೋಗಿ ಸೋತರು. ಅದೇ ತಿಂಗಳು ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕ ಬಂತು. ಹುಡುಗರನ್ನು ಲಂಡನ್ನಿಗೆ ಕಳಿಸಲು ವಿಶೇಷ ರೈಲು ಬೇಕೆಂದು ಅದೇ ಶಾಲೆ ಅದೇ ಕಂಪನಿಯನ್ನು ಕೇಳಿಕೊಂಡಿತು. ಸರಿಯಾದ ನಿಲ್ದಾಣ ಎದ್ದದ್ದು 1840ರಲ್ಲಿ. ಎರಡು ವರ್ಷಗಳ ಮೇಲೆ, 1842ರ ಜೂನ್ 13ರಂದು, ರಾಣಿ ತಮ್ಮ ಜೀವನದ ಮೊದಲ ರೈಲು ಪ್ರಯಾಣ ಮಾಡಿದ್ದೂ ಇಲ್ಲಿಂದಲೇ.

ಇನ್ನೊಂದು ಕಥೆಯನ್ನು ನನ್ನ ಮಕ್ಕಳು ಪದೇ ಪದೇ ಹೇಳಿಸಿಕೊಳ್ಳುತ್ತಿದ್ದರು. 1845ರ ಹೊಸ ವರ್ಷದ ದಿನ ಸಂಜೆ, ಸ್ಲೌನ ಸಾಲ್ಟ್ ಹಿಲ್‌ನಲ್ಲಿ ಒಬ್ಬ ಹೆಂಗಸಿಗೆ ವಿಷ ಹಾಕಿ ಕೊಂದ ಜಾನ್ ಟಾವೆಲ್ ಎಂಬಾತ ರೈಲು ಹತ್ತಿ ಲಂಡನ್ ಕಡೆಗೆ ಪರಾರಿಯಾದ. ಅವನಿಗಿಂತ ಮುಂಚೆ ಲಂಡನ್ ತಲುಪುವುದು ಆ ಕಾಲದಲ್ಲಿ ಕುದುರೆಗೂ ಸಾಧ್ಯವಿರಲಿಲ್ಲ. ಆದರೆ ಹಳಿಯ ಪಕ್ಕದಲ್ಲಿ ಪ್ಯಾಡಿಂಗ್ಟನ್‌ವರೆಗೆ ಆಗಷ್ಟೇ ತಂತಿ ಎಳೆದಿದ್ದರು. ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಉಡುಪಿನಲ್ಲಿ, ಪಾದ ಮುಟ್ಟುವ ಕಂದು ಕೋಟು ಹಾಕಿದವನೊಬ್ಬ ಮೊದಲ ದರ್ಜೆಯ ಡಬ್ಬಿಯಲ್ಲಿದ್ದಾನೆ ಎಂದು ತಂತಿ ಹೋಯಿತು. ಆ ಯಂತ್ರದಲ್ಲಿ ಇಂಗ್ಲಿಷಿನ ‘ಕ್ಯೂ’ ಅಕ್ಷರವೇ ಇರಲಿಲ್ಲ. ಸ್ಲೌನ ಗುಮಾಸ್ತ ‘ಕೆ’ ಮತ್ತು ‘ಡಬ್ಲ್ಯು’ ಹಾಕಿ ‘ಕ್ವೇಕರ್’ ಎಂದು ಕಳಿಸಿದ. ಆ ಕಡೆಯವರಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಕೊನೆಗೂ ಅರ್ಥವಾಯಿತು. ಪೊಲೀಸರು ಅವನ ಹಿಂದೆಯೇ ಹೋಗಿ ಮರುದಿನ ಹಿಡಿದರು. ತಂತಿ ಎಂದರೇನು ಎಂಬುದು ಇಂಗ್ಲೆಂಡಿನ ಜನಸಾಮಾನ್ಯರಿಗೆ ಮನದಟ್ಟಾದದ್ದು ಈ ಪ್ರಕರಣದಿಂದ. ನೀವು ನಿತ್ಯ ಹೋಗುವ ಹಳಿಯ ಮೇಲೆಯೇ ನಡೆದದ್ದು ಇದು.

ಎಲ್ಲ ನಿಲ್ದಾಣಗಳಿಗೂ ಸ್ಲೌನ ಅದೃಷ್ಟ ಇರಲಿಲ್ಲ. 1963ರ ಮಾರ್ಚ್ 27ರಂದು, ಆಗಿನ ರೈಲ್ವೆ ಮಂಡಳಿಯ ಅಧ್ಯಕ್ಷ ಡಾ. ರಿಚರ್ಡ್ ಬೀಚಿಂಗ್ ಅವರ ವರದಿ ಹೊರಬಂತು. ದೇಶದ 2,363 ನಿಲ್ದಾಣಗಳನ್ನು ಮುಚ್ಚಬೇಕು, ಸುಮಾರು 5,000 ಮೈಲಿ ಮಾರ್ಗವನ್ನು ಕಿತ್ತು ಹಾಕಬೇಕು ಎಂದು ಅದರಲ್ಲಿತ್ತು. ನಷ್ಟದ ಲೆಕ್ಕ ಸುಳ್ಳಾಗಿರಲಿಲ್ಲ. ಲೆಕ್ಕ ಹಾಕುವುದೇ ನನ್ನ ವೃತ್ತಿಯಾದ್ದರಿಂದ ಆ ಅಂಕಿಗಳನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಸಂತೆಗೆ ಹೋಗುವ ಮುದುಕಿ, ಪಕ್ಕದೂರಿನ ಶಾಲೆಗೆ ಹೋಗುವ ಹುಡುಗ, ಬೆಳಗಿನ ರೈಲಿಗೆ ಹಾಲಿನ ಕ್ಯಾನು ಏರಿಸುವ ರೈತ, ಇವರನ್ನು ಯಾವ ಕಾಲಮಿನಲ್ಲಿ ಬರೆಯುತ್ತೀರಿ? ಊರಿಗೆ ಊರೇ ಒಂದು ದಿನ ಕೊನೆಯ ರೈಲನ್ನು ಬೀಳ್ಕೊಟ್ಟು ಮನೆಗೆ ಹಿಂತಿರುಗಿತು. ಇಂದು ಆ ಎಷ್ಟೋ ಕಟ್ಟಡಗಳಲ್ಲಿ ಸಂಸಾರಗಳಿವೆ. ಪ್ಲಾಟ್‌ಫಾರ್ಮ್ ಇದ್ದಲ್ಲಿ ಹೂದೋಟವಿದೆ, ಹಳಿ ಇದ್ದಲ್ಲಿ ಸೈಕಲ್ ದಾರಿಯಿದೆ.

ಕಾಟ್ಸ್‌ವೋಲ್ಡ್ ಸೀಮೆಯಲ್ಲಿ ಆಡಲ್‌ಸ್ಟ್ರಾಪ್ ಎಂಬ ಪುಟ್ಟ ಹಳ್ಳಿಯಿದೆ. 1914ರ ಜೂನ್ 24ರಂದು ಅಲ್ಲಿ ಒಂದು ರೈಲು ಸ್ವಲ್ಪ ಹೊತ್ತು ನಿಂತಿತು. ಅದರಲ್ಲಿ ಒಬ್ಬ ಕವಿಯಿದ್ದ. ಆ ನಿಮಿಷದಿಂದ ಹುಟ್ಟಿದ ಹದಿನಾರು ಸಾಲುಗಳು ಇಂಗ್ಲಿಷರಿಗೆ ಬಾಯಿಪಾಠ. ಕವಿ ಮೊದಲ ಮಹಾಯುದ್ಧದಲ್ಲಿ ಸತ್ತ. ನಿಲ್ದಾಣ 1966ರಲ್ಲಿ ಮುಚ್ಚಿತು. ಊರಿನವರು ನಿಲ್ದಾಣದ ಹೆಸರಿನ ಫಲಕವನ್ನು ತಂದು ಬಸ್ ತಂಗುದಾಣದೊಳಗೆ ಹಾಕಿಕೊಂಡಿದ್ದಾರೆ. ಕೆಳಗೆ ನಿಲ್ದಾಣದ ಹಳೆಯ ಬೆಂಚು. ನಾನು ಆ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತಿದ್ದೆ. ಹೊರಗೆ ಸಣ್ಣ ಮಳೆ. ಬಸ್ ಬರಲಿಲ್ಲ, ಬರಬೇಕೆಂದು ನನಗೂ ಅನಿಸಲಿಲ್ಲ.

ಸಸೆಕ್ಸ್‌ನ ಮ್ಯಾಜ್ ಬೆಸ್ಸೆಮರ್ ಎಂಬ ಮಹಿಳೆಯ ವಿಷಯವನ್ನೂ ಹೇಳಲೇಬೇಕು. ಲೂಯಿಸ್ ಮತ್ತು ಈಸ್ಟ್ ಗ್ರಿನ್‌ಸ್ಟೆಡ್ ನಡುವಿನ ಮಾರ್ಗವನ್ನು 1955ರಲ್ಲಿ ಮುಚ್ಚಿದಾಗ ಆಕೆ ಬೀದಿಗಿಳಿದು ಕೂಗಲಿಲ್ಲ. ಆ ಮಾರ್ಗಕ್ಕೆ ಅನುಮತಿ ಕೊಟ್ಟಿದ್ದ ಹಿಂದಿನ ಶತಮಾನದ ಕಾಯಿದೆಯನ್ನು ತರಿಸಿ ಓದಿದರು. ದಿನಕ್ಕೆ ನಾಲ್ಕು ರೈಲು ಓಡಿಸಲೇಬೇಕು ಎಂಬ ಸಾಲು ಅದರಲ್ಲಿ ಸಿಕ್ಕಿತು. ರೈಲ್ವೆಯವರು ಬೇರೆ ದಾರಿಯಿಲ್ಲದೆ 1956ರಲ್ಲಿ ಮತ್ತೆ ರೈಲು ಬಿಟ್ಟರು. ಪಾರ್ಲಿಮೆಂಟಿನಲ್ಲಿ ಕಾಯಿದೆಯನ್ನೇ ಬದಲಾಯಿಸಿಕೊಂಡ ಮೇಲೆ ತಾನೇ 1958ರಲ್ಲಿ ಎರಡನೇ ಸಲ ಮುಚ್ಚಲು ಆದದ್ದು! ಅಷ್ಟರಲ್ಲಿ ಜನರ ಎದೆಯಲ್ಲಿ ಕಿಡಿ ಹತ್ತಿತ್ತು. 1960ರ ಆಗಸ್ಟ್‌ನಲ್ಲಿ ಸ್ವಯಂಸೇವಕರೇ ಅದರ ಒಂದು ತುಂಡನ್ನು ‘ಬ್ಲೂಬೆಲ್ ರೈಲ್ವೆ’ಯಾಗಿ ಮತ್ತೆ ಓಡಿಸಿದರು. ಉಗಿಬಂಡಿ ಅಲ್ಲಿ ಇಂದಿಗೂ ಓಡುತ್ತಿದೆ.

ಉತ್ತರದಲ್ಲಿ ಸೆಟ್ಲ್–ಕಾರ್ಲೈಲ್ ಮಾರ್ಗವಿದೆ. 24 ಕಮಾನುಗಳ ರಿಬಲ್‌ಹೆಡ್ ಸೇತುವೆಯ ಮೇಲೆ ಹಾದುಹೋಗುವ ಆ ಮಾರ್ಗವನ್ನು 1980ರ ದಶಕದಲ್ಲಿ ಮುಚ್ಚಲು ಹೊರಟಾಗ ಸಾವಿರಾರು ಆಕ್ಷೇಪಣೆಗಳು ಬಂದವು. ಅವುಗಳಲ್ಲಿ ಒಂದಕ್ಕೆ ರಸ್ಸಪ್ ಎಂಬ ನಾಯಿಯ ಪಂಜದ ಗುರುತು ಇತ್ತು. ಹಣ ಕೊಟ್ಟು ಪ್ರಯಾಣಿಸುವ ನಾಯಿಯಾದ್ದರಿಂದ ಅದರ ಆಕ್ಷೇಪಣೆಯನ್ನೂ ಒಪ್ಪಿಕೊಂಡರು. 1989ರಲ್ಲಿ ಮಾರ್ಗ ಉಳಿಯಿತು. ಮರು ವರ್ಷ ಆ ನಾಯಿಯ ಯಜಮಾನ ವೇಲ್ಸ್‌ನ ಬೆಟ್ಟದಲ್ಲಿ ಕೊನೆಯುಸಿರೆಳೆದಾಗ, ಚಳಿಗಾಲದ ಹನ್ನೊಂದು ವಾರ ಅದು ಹೆಣ ಬಿಟ್ಟು ಕದಲಲಿಲ್ಲ. ಗಾರ್ಸ್‌ಡೇಲ್ ನಿಲ್ದಾಣದಲ್ಲಿ ಅದರ ಕಂಚಿನ ಪ್ರತಿಮೆಯಿದೆ, ಬೆಟ್ಟದ ಕಡೆಗೆ ನೋಡುತ್ತಾ ನಿಂತಿದೆ.

ಇದೆಲ್ಲ ಇಂಗ್ಲಿಷರ ಕಥೆ, ನಮಗೇನು ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ನೇರವಾಗಿಯೇ ಕೇಳಿದ್ದೀರಿ. ಅದಕ್ಕೇ ಈ ಪತ್ರ.

1914ರ ಡಿಸೆಂಬರ್‌ನಲ್ಲಿ ಬ್ರೈಟನ್ ನಿಲ್ದಾಣದಲ್ಲಿ ಆಸ್ಪತ್ರೆ ರೈಲುಗಳಿಂದ ಇಳಿಸಿದ್ದು ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು. ಅವರಿಗಾಗಿ ಅಲ್ಲಿನ ಅರಮನೆಯೇ ಆಸ್ಪತ್ರೆಯಾಯಿತು. ಫಲಕಗಳನ್ನು ಉರ್ದು, ಹಿಂದಿ ಮತ್ತು ಪಂಜಾಬಿಯ ಲಿಪಿಯಾದ ಗುರುಮುಖಿಯಲ್ಲಿ ಬರೆಸಿದ್ದರು. ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರ ದಹನ ನಡೆದ ಗುಡ್ಡದ ಮೇಲೆ ‘ಛತ್ರಿ’ ಎಂಬ ಬಿಳಿಯ ಸ್ಮಾರಕವಿದೆ.

ಇನ್ನು ಲಂಡನ್ನಿನ ಯೂಸ್ಟನ್. ಅದರ ಮುಂದಿದ್ದ 1837ರ ಮಹಾದ್ವಾರವನ್ನು 1961–62ರಲ್ಲಿ ಕೆಡವಿ, ಕಲ್ಲುಗಳನ್ನು ಪೂರ್ವ ಲಂಡನ್ನಿನ ಒಂದು ಕಾಲುವೆಯ ತಳಕ್ಕೆ ಸುರಿದರು. ಆ ದ್ವಾರಕ್ಕಾಗಿ ಇಂದಿಗೂ ಮರುಗುವವರಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ನಿಲ್ದಾಣದಲ್ಲಿರುವ ಒಂದು ಸಣ್ಣ ಫಲಕ. ಕೆರಿಬಿಯನ್ನಿನ ಡೊಮಿನಿಕಾದಿಂದ ಬಂದು ರೈಲ್ವೆ ಸೇರಿದ್ದ ಆಸ್ಕ್ವಿತ್ ಝೇವಿಯರ್ ಅವರಿಗೆ 1966ರಲ್ಲಿ ಯೂಸ್ಟನ್‌ನಲ್ಲಿ ಗಾರ್ಡ್ ಕೆಲಸ ನಿರಾಕರಿಸಿದರು. ಕಾರಣ, ಅವರ ಮೈಬಣ್ಣ. ಉದ್ಯೋಗದಲ್ಲಿ ಬಣ್ಣಭೇದ ಮಾಡುವುದು ಆಗ ಕಾನೂನಿನ ಪ್ರಕಾರ ಅಪರಾಧವಾಗಿರಲಿಲ್ಲ. ಅವರು ಬಿಡಲಿಲ್ಲ. ವಿಷಯ ಮಂತ್ರಿಯವರೆಗೆ ಹೋಯಿತು. ಕೊಲೆ ಬೆದರಿಕೆಗಳ ನಡುವೆಯೇ 1966ರ ಆಗಸ್ಟ್ 15ರಂದು ಅವರು ಯೂಸ್ಟನ್‌ನಲ್ಲಿ ಕೆಲಸಕ್ಕೆ ಹಾಜರಾದರು. ಆ ತಾರೀಖನ್ನು ನಾವು ಬೇರೆ ಕಾರಣಕ್ಕೆ ನೆನಪಿಟ್ಟವರು. ಈ ಕಾರಣಕ್ಕೂ ಇಟ್ಟುಕೊಳ್ಳಬಹುದು.

ಜಿಮ್ ಮೆರವಣಿಗೆಗೆ ಹೋಗಿದ್ದ ಸೌತಾಲ್ ನಿಲ್ದಾಣದ ಹೆಸರನ್ನು ಇಂದು ಗುರುಮುಖಿಯಲ್ಲೂ ಬರೆದಿದ್ದಾರೆ. ವೈಟ್‌ಚಾಪೆಲ್ ನಿಲ್ದಾಣದಲ್ಲಿ 2022ರಿಂದ ಬಂಗಾಳಿ ಫಲಕವಿದೆ. ಕನ್ನಡದ ಫಲಕ ಬೇಕೆಂದು ನಾನು ಕೇಳುತ್ತಿಲ್ಲ. ನಾವು ಒಂದೇ ಊರಿನಲ್ಲಿ ಅಷ್ಟು ಸಂಖ್ಯೆಯಲ್ಲಿ ನೆಲೆಸಿದವರಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ಹರಡಿಕೊಂಡವರು. ಹಾಗಾಗಿ ನಮ್ಮ ಕಥೆಗೆ ಒಂದು ಬೀದಿಯಿಲ್ಲ, ಒಂದು ಪೇಟೆಯಿಲ್ಲ. ನಮ್ಮಲ್ಲಿ ಹಲವರಿಗೆ ಈ ದೇಶದ ಮೊದಲ ನೆಲ ಎಂದರೆ ಒಂದು ರೈಲು ನಿಲ್ದಾಣ.

ಹೋದ ಯುಗಾದಿಯಲ್ಲಿ ವೇಲ್ಸ್‌ನಿಂದ ಬಂದಿದ್ದ ಎಂಬತ್ತು ದಾಟಿದ ಡಾಕ್ಟರ್ ಒಬ್ಬರ ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದೆ. ಹುಬ್ಬಳ್ಳಿಯಲ್ಲಿ ಓದಿ, 1960ರ ದಶಕದ ಕೊನೆಯಲ್ಲಿ ಒಂಟಿಯಾಗಿ ಇಲ್ಲಿಗೆ ಬಂದವರು. ಜನವರಿಯ ರಾತ್ರಿ, ಕಣಿವೆಯ ಪುಟ್ಟ ನಿಲ್ದಾಣದಲ್ಲಿ ಇಳಿದಾಗ ಕಾಲಿಗೆ ಚಪ್ಪಲಿ, ಮೈಮೇಲೆ ರೇಷ್ಮೆ ಸೀರೆ. ಮೊದಲ ದಿನ ಚೆನ್ನಾಗಿ ಕಾಣಲೆಂದು ತಾಯಿ ಉಡಿಸಿ ಕಳಿಸಿದ್ದ ಸೀರೆ ಅದು. ಆಸ್ಪತ್ರೆಯಿಂದ ಯಾರೂ ಬಂದಿರಲಿಲ್ಲ. ಟಿಕೆಟ್ ಪಡೆಯುವಾತ ಅವರನ್ನು ತನ್ನ ಕೋಣೆಯ ಕಲ್ಲಿದ್ದಲ ಒಲೆಯ ಮುಂದೆ ಕೂರಿಸಿ, ತನ್ನ ದಪ್ಪ ಕೋಟನ್ನು ಹೊದಿಸಿ, ಆಸ್ಪತ್ರೆಗೆ ಫೋನ್ ಮಾಡಿದನಂತೆ. ಆತನ ಮಾತು ಒಂದಕ್ಷರವೂ ಅರ್ಥವಾಗಲಿಲ್ಲವಂತೆ. ‘ಅದು ವೆಲ್ಷ್ ಧಾಟಿಯ ಇಂಗ್ಲಿಷೋ, ನನ್ನ ಕಿವಿ ಹೆಪ್ಪುಗಟ್ಟಿತ್ತೋ’ ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಆ ನಿಲ್ದಾಣ ಆಮೇಲೆ ಮುಚ್ಚಿತಂತೆ, ಈಗ ಅಲ್ಲಿ ಕಾರು ನಿಲ್ಲಿಸುತ್ತಾರಂತೆ.

ಆ ಊರಿನ ಚರಿತ್ರೆ ಬರೆದವರಿಗೆ ಈ ರೇಷ್ಮೆ ಸೀರೆಯ ಸಂಗತಿ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ನಾವು ಹೇಳಿಲ್ಲ. ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದಲ್ಲಿ ರೈಲ್ವೆ ಕೆಲಸಗಾರರ ನೆನಪುಗಳನ್ನು ಅವರದೇ ದನಿಯಲ್ಲಿ ದಾಖಲಿಸಿ ಇಟ್ಟಿದ್ದಾರೆ. ಊರೂರಿನ ಗ್ರಂಥಾಲಯಗಳಲ್ಲಿ ಸ್ಥಳೀಯ ಇತಿಹಾಸಕ್ಕೆಂದು ಒಂದು ಕಪಾಟು ಇರುತ್ತದೆ. ಅನೇಕ ನಿಲ್ದಾಣಗಳಿಗೆ ‘ನಿಲ್ದಾಣದ ಗೆಳೆಯರು’ ಎಂಬಂಥ ಬಳಗಗಳಿವೆ. ಅವರು ಹೂಕುಂಡಗಳಿಗೆ ನೀರು ಹಾಕುತ್ತಾರೆ, ಹಳೆಯ ಚಿತ್ರಗಳನ್ನು ಹುಡುಕಿ ತಂದು ಗೋಡೆಗೆ ಹಾಕುತ್ತಾರೆ. ಅಂಥ ಒಂದು ಬಳಗದ ಸಭೆಗೆ ನಾನು ಮೊದಲ ಸಲ ಹೋದಾಗ ಏನನ್ನುತ್ತಾರೋ ಎಂದು ಹೆದರಿದ್ದೆ. ಅಪ್ಪ ರೈಲ್ವೆಯಲ್ಲಿದ್ದರು ಎಂದದ್ದೇ ತಡ, ಕುರ್ಚಿ ಎಳೆದು ಕೂರಿಸಿ, ಬೀರೂರಿನ ಸಿಗ್ನಲ್ ಯಾವ ಬಗೆಯದು, ಡ್ರೈವರ್‌ಗೆ ಮುಂದೆ ಹೋಗಲು ಅನುಮತಿಯಾಗಿ ಕೊಡುವ ಟೋಕನ್ ಯಾವ ಆಕಾರದ್ದು ಎಂದು ಒಂದು ಗಂಟೆ ಕೇಳಿದರು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಕಬ್ಬಿಣದ ಗುಂಡು ಇರುತ್ತಿತ್ತು, ಅದಿಲ್ಲದೆ ಡ್ರೈವರ್ ಗಾಡಿ ಬಿಡುವಂತಿರಲಿಲ್ಲ ಎಂದೆ. ಅದನ್ನು ಬರೆದುಕೊಂಡರು. ಅಪ್ಪನ ಬಾಯಿಂದ ನಾನು ಬರೆದುಕೊಳ್ಳದ್ದನ್ನು ಅವರು ನನ್ನ ಬಾಯಿಂದ ಬರೆದುಕೊಂಡರು.

ಹಳೆಯದನ್ನು ಕುರಿತಷ್ಟೇ ಈ ಮಾತಲ್ಲ. 2023ರ ಬೇಸಿಗೆಯಲ್ಲಿ ಇಂಗ್ಲೆಂಡಿನ ನಿಲ್ದಾಣಗಳ ಟಿಕೆಟ್ ಕೌಂಟರುಗಳನ್ನು ಬಹುತೇಕ ಮುಚ್ಚುವ ಪ್ರಸ್ತಾವ ಬಂದದ್ದು ನಿಮಗೆ ನೆನಪಿರಬಹುದು. ಸುಮಾರು 7,50,000 ಜನ ತಮ್ಮ ಅಭಿಪ್ರಾಯ ಬರೆದು ಕಳಿಸಿದರು. ಅಕ್ಟೋಬರ್ ಕೊನೆಗೆ ಪ್ರಸ್ತಾವವನ್ನು ಕೈಬಿಟ್ಟರು. ಊರಿನಿಂದ ಬರುವ ನಮ್ಮ ತಂದೆತಾಯಿಗಳಿಗೆ ಆ ಯಂತ್ರದ ಮುಂದೆ ನಿಂತು ಟಿಕೆಟ್ ಪಡೆಯಲು ಬರುವುದಿಲ್ಲ. ಕಿಟಕಿಯ ಹಿಂದೆ ಒಂದು ಮುಖ ಕಂಡರೆ, ‘ವಿಂಡ್ಸರ್’ ಎಂದು ಎರಡು ಬೆರಳು ತೋರಿಸಿದರೆ ಸಾಕು, ಕೆಲಸ ಆಗುತ್ತದೆ. ನಮ್ಮ ತಾಯಿ ಹಾಗೆಯೇ ಹೋಗಿ ಬರುತ್ತಿದ್ದರು. ಆದರೂ ಆ ಬೇಸಿಗೆಯಲ್ಲಿ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ಬಗ್ಗೆ ಬರೆಯೋಣ ಎಂದು ನಾನು ಮೂರು ಸಲ ಕೇಳಿಕೊಂಡರೂ ಉತ್ತರ ಕೊಟ್ಟವರು ಇಬ್ಬರು. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಮುಂದಿನ ಸಲ ಹೀಗಾಗಬಾರದೆಂದು ಕೈಮುಗಿದು ಕೇಳುತ್ತಿದ್ದೇನೆ.

ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಬೇಡಿಕೆ. ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸಿ, ಬೇಡವೆನ್ನುವುದಿಲ್ಲ. ಆದರೆ ಪಕ್ಕದಲ್ಲಿ ಒಂದು ಸದ್ದಿಲ್ಲದ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೊಬೈಲ್ ಇಡಿ. ಅರವತ್ತು, ಎಪ್ಪತ್ತರ ದಶಕದಲ್ಲಿ ಬಂದ ಹಿರಿಯರನ್ನು ಒಬ್ಬೊಬ್ಬರಾಗಿ ಕೂರಿಸಿ, ಯಾವ ನಿಲ್ದಾಣದಲ್ಲಿ ಇಳಿದಿರಿ, ಅಂದು ಯಾರು ಎದುರಾದರು ಎಂದು ಕೇಳಿ. ಕನ್ನಡದಲ್ಲೇ ಹೇಳಲಿ. ಮಕ್ಕಳು ಅದನ್ನು ಇಂಗ್ಲಿಷಿಗೆ ತಂದು ಆಯಾ ಊರಿನ ಗ್ರಂಥಾಲಯಕ್ಕೆ ಕೊಡಲಿ. ಹೆಸರುಗಳನ್ನು ಮಾತ್ರ ಅಲ್ಲಿಯೇ, ಆಗಲೇ ಬರೆದುಕೊಳ್ಳಿ.

ನಾನು ಶುರು ಮಾಡಿದ್ದೇನೆ. ವೇಲ್ಸ್‌ನ ಡಾಕ್ಟರಮ್ಮನವರ ಧ್ವನಿ 47 ನಿಮಿಷ ನನ್ನ ಬಳಿ ಇದೆ, ಅವರ ಒಪ್ಪಿಗೆಯೊಂದಿಗೆ. ಸ್ಲೌ, ವಿಂಡ್ಸರ್, ಮೇಡನ್‌ಹೆಡ್ ಕಡೆಯವರಿಗೆ ಹೇಳುವುದಿಷ್ಟು: ಬರುವ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಐದನೇ ಪ್ಲಾಟ್‌ಫಾರ್ಮಿನಲ್ಲಿ ಜಿಮ್‌ನ ಪೆಟ್ಟಿಗೆಯ ಬಳಿ ಇರುತ್ತೇನೆ, ಕೈಯಲ್ಲಿ ಕೆಂಪು ರಟ್ಟಿನ ನೋಟ್‌ಬುಕ್ ಇರುತ್ತದೆ. ಹಿರಿಯರಿದ್ದರೆ ಕರೆದುಕೊಂಡು ಬನ್ನಿ. ಹಳೆಯ ಟಿಕೆಟ್, ಫೋಟೋ, ಪತ್ರ ಏನಾದರೂ ಇದ್ದರೆ ತನ್ನಿ. ಲಿಫ್ಟ್ ಇದೆ, ಮೊಣಕಾಲು ನೋವಿನವರು ಮೆಟ್ಟಿಲು ಹತ್ತಬೇಕಾಗಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ತರುತ್ತೇನೆ.

ನಿಮ್ಮವಳೇ ಆದ
ಸ್ಲೌ ಊರಿನ ಒಬ್ಬ ಪಾಯಿಂಟ್ಸ್‌ಮನ್ ಮಗಳು